ಟೊಮೇಟೊ ಸಸಿಗೆ ಮೊದಲು ಮಣ್ಣಿನ ಸಂಸ್ಕಾರ

ಪರದೇಶದಿಂದ ಬಂದ ಅತಿಥಿಯು ಕಾಲಕ್ರಮದಲ್ಲಿ ಮನೆಯ ಯಜಮಾನನಾಗಿ ಕುಳಿತುಬಿಡುವುದುಂಟು. ನಮ್ಮ ಅಡಿಗೆಯ ಮನೆಗಳಲ್ಲಿ ಟೊಮೇಟೊ ಹಣ್ಣಿನ ವೃತ್ತಾಂತವು ಇದೇ ಬಗೆಯದು. ದಕ್ಷಿಣ ಅಮೇರಿಕೆಯ ಆಂಡೀಸ್ ಪರ್ವತಪ್ರಾಂತದಲ್ಲಿ ಕಾಡುಗಿಡವಾಗಿದ್ದು, ಮೆಕ್ಸಿಕೋ ದೇಶದ ಪ್ರಾಚೀನ ಜನರ ಕೈಯಲ್ಲಿ ಪಳಗಿ, ಐರೋಪ್ಯರ ಹಡಗುಗಳಲ್ಲಿ ಸಮುದ್ರವನ್ನು ದಾಟಿ ಬಂದ ಈ ಗಿಡಕ್ಕೆ ನಮ್ಮ ಅಜ್ಜಿಯ ಕಾಲದವರು ಚಪ್ಪರಬದನೆಯೆಂದು ಹೆಸರಿಟ್ಟು, ಬದನೆಯ ನಂಟರ ಸಾಲಿನಲ್ಲಿ ಕೂರಿಸಿದರು. ಆ ನಂಟಸ್ತಿಕೆ ಸುಳ್ಳಲ್ಲ. 1753ರಲ್ಲಿ ಲಿನಿಯಸ್ ಪಂಡಿತನು ಸಸ್ಯಗಳಿಗೆ ನಾಮಕರಣ ಮಾಡುವಾಗ ಟೊಮೇಟೊವನ್ನು ಬದನೆ, ಆಲೂಗೆಡ್ಡೆಗಳ ಕುಲಕ್ಕೇ ಸೇರಿಸಿದನು. ಇಂದಿಗೂ ಶ್ರಾದ್ಧದ ಅಡಿಗೆಗೆ ಇದನ್ನು ಸೋಕಿಸದ ಮನೆಗಳುಂಟು; ಆದರೆ ಆ ಒಂದು ದಿನ ಕಳೆದ ಮೇಲೆ ಆ ಮನೆಗಳಲ್ಲಿಯೂ ಇದಿಲ್ಲದೆ ಸಾರು ಕುದಿಯುವುದಿಲ್ಲ.

2023ರ ಜುಲೈ ತಿಂಗಳಲ್ಲಿ ಟೊಮೇಟೊವಿನ ಬೆಲೆಯು ಕಿಲೋ ಒಂದಕ್ಕೆ ನೂರು ರೂಪಾಯಿಗಳನ್ನು ಮೀರಿದುದನ್ನು ವಾಚಕರು ಮರೆತಿರಲಾರರು. ಏಷ್ಯಾ ಖಂಡದ ದೊಡ್ಡ ಟೊಮೇಟೊ ಮಾರುಕಟ್ಟೆಗಳಲ್ಲಿ ಒಂದೆನಿಸಿದ ಕೋಲಾರವು ಬೆಂಗಳೂರಿನ ಪೂರ್ವದ ಬಾಗಿಲಿನಲ್ಲಿಯೇ ಇದ್ದರೂ, ವೈಟ್‌ಫೀಲ್ಡಿನ ಗೃಹಿಣಿಯರು ಹಣ್ಣನ್ನು ಎಣಿಸಿ ಕೊಳ್ಳುವಂತಾಯಿತು. ಆಗ ಅನೇಕ ಗೃಹಸ್ಥರು, ‘ನಮ್ಮ ಅಂಗಳದಲ್ಲಿ ಹತ್ತು ಗಿಡ ಹಾಕಿಕೊಂಡರೆ ಆಗದೆ?’ ಎಂದು ಉತ್ಸಾಹದಿಂದ ಸಸಿಗಳನ್ನು ತಂದು ನೆಟ್ಟರು. ಅವುಗಳಲ್ಲಿ ಬಹುಪಾಲು ಸೊರಗಿ ಹೋದುವು. ನೆಟ್ಟವರು ಸಸಿಯನ್ನು ಹಳಿದರು, ಬೀಜವನ್ನು ಹಳಿದರು, ಬಿಸಿಲನ್ನೂ ಮಳೆಯನ್ನೂ ಹಳಿದರು. ಮಣ್ಣನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಆ ದೊಡ್ಡ ಗುಂಪಿನಲ್ಲಿ ನಾವೂ ಒಬ್ಬರಾಗಿದ್ದೆವು. ಎರಡು ವರ್ಷ ಕೆಟ್ಟು, ಮೂರನೆಯ ವರ್ಷ ಕಲಿತ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತೇವೆ.

ಈ ನೆಲದ ಪೂರ್ವೋತ್ತರ

ಬೆಂಗಳೂರಿನ ಸುತ್ತಲಿನ ನೆಲವು ಸ್ವಭಾವತಃ ಕೆಮ್ಮಣ್ಣು. ಕೋಟ್ಯಂತರ ವರ್ಷಗಳ ಹಳೆಯ ನೈಸ್ ಶಿಲೆಯು ಬಿಸಿಲು ಮಳೆಗಳಿಂದ ಸವೆದು ಪುಡಿಯಾಗಿ ಆದ ಮಣ್ಣಿದು. ಇದರ ಕೆಂಪು ಬಣ್ಣವು ಕಬ್ಬಿಣದ ಅಂಶದಿಂದ ಬಂದುದು. ನೀರನ್ನು ಬೇಗ ಕುಡಿಯುತ್ತದೆ, ಬೇರಿಗೆ ಗಾಳಿ ಕೊಡುತ್ತದೆ. ಆದರೆ ಸಾರವು ಕಡಮೆ. ಕೊಳೆತ ಸೊಪ್ಪುಸದೆಯ ಅಂಶವೂ ಸಾರಜನಕವೂ ಇದರಲ್ಲಿ ಸ್ವಲ್ಪವೇ. ರಂಜಕವನ್ನಂತೂ ಮಣ್ಣಿನೊಳಗಿನ ಕಬ್ಬಿಣವು ಹಿಡಿದಿಟ್ಟುಕೊಂಡು ಗಿಡಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಇದನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವ ಕಾರ್ಯವು ಮೈಸೂರು ಸಂಸ್ಥಾನದಲ್ಲಿ ಬಹು ಹಿಂದೆಯೇ ಮೊದಲಾಯಿತು. 1899ರಲ್ಲಿ ರಾಜಪ್ರತಿನಿಧಿಗಳಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿಸಂಶೋಧನೆಗೆ ದಯಪಾಲಿಸಿದರು. ಲೇಮನ್ ಎಂಬ ವಿದ್ವಾಂಸರು ಮಣ್ಣಿಗೂ ಬೆಳೆಗೂ ಇರುವ ಸಂಬಂಧವನ್ನು ಅಲ್ಲಿ ಶೋಧಿಸತೊಡಗಿದರು. ಆ ಬೀಜದಿಂದಲೇ ಮುಂದೆ 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವು ಬೆಳೆಯಿತು.

ಸಾರವಿಲ್ಲದ ಈ ಕೆಮ್ಮಣ್ಣನ್ನು ಹಳ್ಳಿಯವರು ತಲೆತಲಾಂತರದಿಂದ ಸಾಕಿಕೊಂಡು ಬಂದರು. ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆದರು. ರಾತ್ರಿ ಕುರಿಮಂದೆಯನ್ನು ತರುಬಿಸಿದರು. ಹೊಂಗೆಯ ಸೊಪ್ಪನ್ನು ತುಳಿದು ಹೂತರು. ತಿಪ್ಪೆಯ ಗೊಬ್ಬರವನ್ನು ವರ್ಷವರ್ಷವೂ ಹರಡಿದರು. 1882ರಲ್ಲಿ ಚಾಮರಾಜ ಒಡೆಯರವರು ಆಂಗ್ಲೋ ಇಂಡಿಯನ್ ಜನರ ಸಂಘಕ್ಕೆ 3,900 ಎಕರೆ ಜಮೀನನ್ನು ಕೊಟ್ಟುದೂ ಅವರು ಬೇಸಾಯದಿಂದ ಬಾಳಲೆಂದೇ. ಸಂಘದ ಮುಂದಾಳು ಡಿ. ಎಸ್. ವೈಟ್ ಎಂಬವರ ಹೆಸರಿನಿಂದ ವೈಟ್‌ಫೀಲ್ಡ್ ಎಂಬ ಊರಾಯಿತು. ಮುಂದೆ ಕಾಲವು ಬೇರೆ ದಾರಿ ಹಿಡಿಯಿತು. 1970ರ ದಶಕದಲ್ಲಿ ಪೀಣ್ಯದಲ್ಲಿ ಕಾರ್ಖಾನೆಗಳು ಎದ್ದುವು. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಸ್ಥಾಪಿಸಿತು. ರಾಗಿ ಬೆಳೆದ ಹೊಲಗಳು ನಿವೇಶನಗಳಾದುವು.

ಇದರಲ್ಲಿ ನಾವು ಯಾರನ್ನೂ ದೂರುವುದಿಲ್ಲ. ನಮ್ಮ ಮಕ್ಕಳಿಗೆ ಅನ್ನ ಕೊಡುವುದೂ ಈ ಬಡಾವಣೆಗಳೇ. ಆದರೆ ತೋಟ ಮಾಡಹೊರಟವನು ಒಂದು ಸಂಗತಿಯನ್ನು ಅರಿತಿರಬೇಕು. ಮನೆಯ ಪಾಯ ತೋಡುವಾಗ ಮೇಲಿನ ಒಂದು ಗೇಣು ಮಣ್ಣು, ಅಂದರೆ ನೂರಾರು ವರ್ಷ ಸಾಕಿದ ಮಣ್ಣು, ಎಲ್ಲಿಗೋ ಹೋಗಿಬಿಡುತ್ತದೆ. ಕೆಳಗಿದ್ದ ಗರಸುಮಣ್ಣು ಮೇಲಕ್ಕೆ ಬರುತ್ತದೆ. ಅದರೊಡನೆ ಸಿಮೆಂಟು, ಗಾರೆ, ಇಟ್ಟಿಗೆಯ ಚೂರು, ಬಣ್ಣದ ಹೊಪ್ಪಳೆಗಳು ಬೆರೆಯುತ್ತವೆ. ಇಂದು ನಮ್ಮ ಅಂಗಳದಲ್ಲಿರುವುದು ಆ ಊರಿನ ಮಣ್ಣಲ್ಲ. ಕಟ್ಟಡವು ಉಳಿಸಿಹೋದ ಶೇಷ.

ನಮ್ಮ ಎರಡು ವರ್ಷದ ಸೋಲು

ನಿವೃತ್ತರಾದ ಮೇಲೆ ನಾವು ವರ್ತೂರಿನ ಆಚೆ ಮಗನ ಮನೆಯಲ್ಲಿ ನೆಲಸಿದೆವು. ಮನೆಯ ಹಿಂದೆ ಹತ್ತಡಿ ಅಗಲದ ಜಾಗವಿದ್ದಿತು. ಮೊದಲನೆಯ ವರ್ಷ ಒಬ್ಬ ಟ್ರ್ಯಾಕ್ಟರಿನವನಿಂದ ಒಂದು ಲೋಡು ‘ತೋಟದ ಕೆಮ್ಮಣ್ಣು’ ತರಿಸಿ ಹರಡಿಸಿದೆವು. ನೋಡಲು ಕುಂಕುಮದಂತಿದ್ದಿತು. ನೆಟ್ಟ ಇಪ್ಪತ್ತು ಸಸಿಗಳು ತಿಂಗಳಾದರೂ ಗೇಣುದ್ದ ಮೀರಲಿಲ್ಲ. ಎಳೆಯ ಎಲೆಗಳು ಹಳದಿಗೆ ತಿರುಗಿ, ನರಗಳು ಮಾತ್ರ ಹಸುರಾಗಿ ಉಳಿದುವು. ಪಕ್ಕದ ಬೀದಿಯ ವೃದ್ಧ ಗೌಡರೊಬ್ಬರು, ಹಿಂದೆ ಇದೇ ನೆಲದಲ್ಲಿ ಉಳುಮೆ ಮಾಡಿದವರು, ಒಂದು ಹಿಡಿ ಮಣ್ಣನ್ನು ಕೈಗೆ ತೆಗೆದುಕೊಂಡು, “ಮೇಷ್ಟ್ರೇ, ಇದು ತೋಟದ್ದಲ್ಲ ಸ್ವಾಮಿ, ಪಾಯ ತೋಡಿದ್ದು. ಇದು ಇನ್ನೂ ಬಿಸಿಲನ್ನೇ ಕಂಡಿಲ್ಲ. ನೀವು ಆಗಲೇ ಹಣ್ಣು ಕೇಳ್ತೀರಲ್ಲ!” ಎಂದು ನಕ್ಕರು.

ಎರಡನೆಯ ವರ್ಷ ಅದೇ ಟ್ರ್ಯಾಕ್ಟರಿನವನು ಅಗ್ಗದ ಬೆಲೆಗೆ ಕಪ್ಪು ಕೆರೆಗೋಡು ಬಂದಿದೆಯೆಂದು ಹೇಳಿದನು. ಹಿರಿಯರ ಪದ್ಧತಿಯೇ ಅಲ್ಲವೆ ಎಂದು ನಾವು ಹಿಗ್ಗಿ ತರಿಸಿದೆವು. ಗಿಡಗಳು ಎದೆಯೆತ್ತರ ಬೆಳೆದು ಗೊಂಚಲುಗೊಂಚಲಾಗಿ ಕಾಯಿ ಹಿಡಿದುವು. ಮೊದಲ ಬುಟ್ಟಿ ಹಣ್ಣನ್ನು ಒಳಗೆ ತಂದ ದಿನ ಸೊಸೆಯು ಮಗುವನ್ನು ಎತ್ತಿಕೊಂಡು ಬಂದು, “ಮಾವ, ಆ ಗೋಡು ಯಾವ ಕೆರೆಯದು? ಈ ಹಣ್ಣನ್ನು ಮಗುವಿಗೆ ಕೊಡಬಹುದೆ?” ಎಂದು ಮೆಲ್ಲನೆ ಕೇಳಿದಳು. ನಮ್ಮ ಬಳಿ ಉತ್ತರವಿರಲಿಲ್ಲ. ಟ್ರ್ಯಾಕ್ಟರಿನವನನ್ನು ಕೇಳಿದರೆ ಅವನು ಒಂದು ಸಲ ಒಂದು ಕೆರೆಯ ಹೆಸರನ್ನೂ ಇನ್ನೊಂದು ಸಲ ಇನ್ನೊಂದು ಕೆರೆಯ ಹೆಸರನ್ನೂ ಹೇಳಿದನು. ಆ ಹಣ್ಣಿನಲ್ಲಿ ವಿಷವಿದ್ದಿತೆಂದು ನಾವು ಹೇಳಲಾರೆವು. ಇರಲಿಲ್ಲವೆಂದು ಮಗುವಿನ ತಾಯಿಗೆ ಧೈರ್ಯ ಹೇಳಲಾಗದೆ ಹೋದುದೇ ನಮ್ಮ ವ್ಯಥೆ. ಗಿಡಗಳನ್ನು ಕಿತ್ತು ಹಾಕಿದೆವು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ‘ಪ್ರಶ್ನೆಯನ್ನು ಮೊದಲು ಓದಿ, ಅನಂತರ ಉತ್ತರ ಬರೆಯಿರಿ’ ಎಂದು ಹೇಳಿದವರು ನಾವೇ, ಮಣ್ಣೆಂಬ ಪ್ರಶ್ನೆಯನ್ನು ಓದದೆ ಉತ್ತರ ಬರೆದಿದ್ದೆವು.

ಮಣ್ಣಿನ ಕುಲಗೋತ್ರ ವಿಚಾರ

ಹೆಣ್ಣು ಗಂಡು ನೋಡುವಾಗ ಕುಲಗೋತ್ರ ವಿಚಾರಿಸುವವರು ಮಣ್ಣು ತರುವಾಗಲೂ ವಿಚಾರಿಸತಕ್ಕದ್ದು. ಬೆಳ್ಳಂದೂರು, ವರ್ತೂರು ಕೆರೆಗಳಿಗೆ ಬಹುಕಾಲ ನಗರದ ಕೊಳಚೆಯು ಹರಿದುಬಂದುದು ಎಲ್ಲರಿಗೂ ತಿಳಿದಿದೆ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿಕೊಂಡುದನ್ನು ಲೋಕವೇ ಕಂಡಿತು. ಹಿರಿಯರ ಕೆರೆಗೆ ಹೊಲದ ಮಳೆನೀರು ಬರುತ್ತಿದ್ದಿತು. ಆದ್ದರಿಂದ ಅದರ ಗೋಡು ಹೊಲಕ್ಕೆ ಅಮೃತವಾಗಿದ್ದಿತು. ಕಾರ್ಖಾನೆ ಮತ್ತು ಮನೆಗಳ ಕೊಳಚೆ ಸೇರಿದ ಕೆರೆಯ ಗೋಡಿನಲ್ಲಿ ಸೀಸ, ಕ್ಯಾಡ್ಮಿಯಮ್ ಮೊದಲಾದ ಲೋಹಗಳು ತಂಗುತ್ತವೆ. ಅವು ಕೊಳೆಯುವುದಿಲ್ಲ, ಕರಗಿ ಹೋಗುವುದಿಲ್ಲ. ಪೀಣ್ಯದ ಕಡೆ ಲೋಹಕ್ಕೆ ಮುಲಾಮು ಹಾಕುವ ಕಾರ್ಖಾನೆಗಳಿಂದ ಕ್ರೋಮಿಯಮ್ ಲೋಹವು ಅಂತರ್ಜಲಕ್ಕೆ ಇಳಿದಿರುವುದೂ ಪರೀಕ್ಷೆಗಳಲ್ಲಿ ಕಂಡುಬಂದ ವಿಷಯವೇ. ಆಚಾರವು ಅದೇ ಆದರೂ ಕೆರೆಯು ಅದೇ ಅಲ್ಲವೆಂಬುದನ್ನು ನಾವು ನೆನೆಯಬೇಕು.

ಇದರಿಂದ ಯಾರೂ ಹೆದರಿ ತೋಟವನ್ನೇ ಬಿಡಬೇಕಾಗಿಲ್ಲ. ಲೋಹಗಳು ಬೇರಿನಲ್ಲೂ ಎಲೆಯಲ್ಲೂ ಸೇರುವಷ್ಟು ಹಣ್ಣಿನಲ್ಲಿ ಸೇರುವುದಿಲ್ಲ. ಆದುದರಿಂದ ಸಂಶಯದ ನೆಲದಲ್ಲಿ ಸೊಪ್ಪು, ಮೂಲಂಗಿಗಳಿಗಿಂತ ಟೊಮೇಟೊ ವಾಸಿ. ಕಾರ್ಖಾನೆಯ ಮಗ್ಗುಲು, ಹಳೆಯ ಗ್ಯಾರೇಜಿನ ಸ್ಥಳ, ಬ್ಯಾಟರಿ ಅಥವಾ ಬಣ್ಣ ಚೆಲ್ಲಿದ ಜಾಗ, ರಾಜಕಾಲುವೆಯ ದಂಡೆ, ಇವುಗಳಲ್ಲಿ ಮಾತ್ರ ನೆಲದಲ್ಲಿ ನೆಡಕೂಡದು. ಅಲ್ಲಿ ಇಟ್ಟಿಗೆ ಕಟ್ಟಿ, ನೆಲಕ್ಕಿಂತ ಒಂದೂವರೆ ಅಡಿ ಎತ್ತರದ ಮಡಿಯಲ್ಲಿ, ಅಥವಾ ಕುಂಡಗಳಲ್ಲಿ, ಮೂಲ ತಿಳಿದ ಮಣ್ಣನ್ನು ತುಂಬಿ ಬೆಳೆಯತಕ್ಕದ್ದು. ಹಣ್ಣನ್ನು ತೊಳೆದು ಬಳಸಿದರೆ ಮೇಲೆ ಕುಳಿತ ಧೂಳು ಹೋಗುತ್ತದೆ.

ಮನೆಯಲ್ಲಿಯೇ ಮಾಡುವ ನಾಲ್ಕು ಪರೀಕ್ಷೆಗಳು

ಮೊದಲನೆಯದು ಮುಷ್ಟಿಯ ಪರೀಕ್ಷೆ. ಹದವಾಗಿ ನೆನೆದ ಮಣ್ಣನ್ನು ಹಿಡಿದು ಉಂಡೆ ಕಟ್ಟಿ, ಬೆರಳಿನಿಂದ ತಟ್ಟಬೇಕು. ಉಂಡೆಯೇ ಆಗದಿದ್ದರೆ ಮರಳು ಹೆಚ್ಚು. ತಟ್ಟಿದರೂ ಒಡೆಯದಿದ್ದರೆ ಜೇಡಿ ಹೆಚ್ಚು. ಉಂಡೆಯಾಗಿ, ತಟ್ಟಿದೊಡನೆ ಪುಡಿಯಾದರೆ ಅದು ಟೊಮೇಟೊವಿಗೆ ಒಪ್ಪುವ ಮಣ್ಣು.

ಎರಡನೆಯದು ಸೀಸೆಯ ಪರೀಕ್ಷೆ. ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಪಾಲು ಮಣ್ಣು, ಮಿಕ್ಕುದು ನೀರು ಹಾಕಿ ಚೆನ್ನಾಗಿ ಕುಲುಕಿ ಇಟ್ಟುಬಿಡಬೇಕು. ಒಂದೆರಡು ನಿಮಿಷದಲ್ಲಿ ಮರಳು ತಳಕ್ಕೆ ಕೂರುತ್ತದೆ. ಕೆಲವು ಗಂಟೆಗಳಲ್ಲಿ ನಯವಾದ ಗೋಡು. ಜೇಡಿಯು ಮರುದಿನಕ್ಕೂ ಮೀರಿ ನಿಧಾನವಾಗಿ ಕೂರುತ್ತದೆ. ಪದರಗಳನ್ನು ಕಣ್ಣಿನಿಂದಲೇ ಅಳೆಯಬಹುದು. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಮೂರನೆಯದು ಹುಳಿಯ ಪರೀಕ್ಷೆ. ಒಣಗಿದ ಮಣ್ಣಿನ ಮೇಲೆ ವಿನೆಗರನ್ನೋ ನಿಂಬೆಯ ರಸವನ್ನೋ ನಾಲ್ಕು ತೊಟ್ಟು ಬಿಡಬೇಕು. ಬುಸಬುಸನೆ ನೊರೆಯೆದ್ದರೆ ಅದರಲ್ಲಿ ಗಾರೆ ಸಿಮೆಂಟುಗಳ ಸುಣ್ಣವು ಬೆರೆತಿದೆಯೆಂದು ತಿಳಿಯಬಹುದು. ಊರಿನ ಸಹಜ ಕೆಮ್ಮಣ್ಣು ಸಾಮಾನ್ಯವಾಗಿ ನೊರೆಯುವುದಿಲ್ಲ. ನಮ್ಮ ಮೊದಲನೆಯ ವರ್ಷದ ಹಳದಿ ಎಲೆಗಳ ಗುಟ್ಟು ಇದೇ ಆಗಿದ್ದಿತು. ಸುಣ್ಣ ಹೆಚ್ಚಿದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಸಮುದ್ರದ ಮಧ್ಯದಲ್ಲಿದ್ದೂ ಬಾಯಾರಿ ಸಾಯುವವನ ಗತಿ ಗಿಡಕ್ಕೆ ಬರುತ್ತದೆ.

ನಾಲ್ಕನೆಯದು ಗುಂಡಿಯ ಪರೀಕ್ಷೆ. ಒಂದಡಿ ಆಳದ ಗುಂಡಿ ತೋಡಿ, ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಬೇಕು. ಎರಡನೆಯ ಸಲದ ನೀರು ಬೆಳಗಿನಿಂದ ಸಂಜೆಯವರೆಗೂ ನಿಂತಿದ್ದರೆ, ಕೆಳಗೆ ಕಟ್ಟಡದವರು ತುಳಿದು ಗಟ್ಟಿ ಮಾಡಿದ ಪದರವಿದೆ. ಅಲ್ಲಿ ಹಾರೆಯಿಂದ ಅದನ್ನು ಒಡೆಯದೆ ಏನು ನೆಟ್ಟರೂ ಬೇರು ಕೊಳೆಯುವುದು ನಿಶ್ಚಯ.

ಇವಾದ ಮೇಲೆ ಪ್ರಯೋಗಾಲಯದ ಪರೀಕ್ಷೆ. ಐದಾರು ಕಡೆ ಅರ್ಧ ಅಡಿ ಆಳದವರೆಗೆ ತೆಗೆದ ಮಣ್ಣನ್ನು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಕಟ್ಟಿ ಕೊಟ್ಟರೆ ಸಾಕು. ಜಿ.ಕೆ.ವಿ.ಕೆ. ಆವರಣದ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೂ ಕೃಷಿ ಇಲಾಖೆಯ ಪ್ರಯೋಗಾಲಯಗಳಲ್ಲಿಯೂ ಇದಕ್ಕೆ ಏರ್ಪಾಡುಂಟು. ಕೃಷಿಯವರು ‘ರಸಸಾರ’ವೆಂದು ಕರೆಯುವ ಹುಳಿ-ಕ್ಷಾರಗಳ ಅಳತೆಯು ಟೊಮೇಟೊವಿಗೆ 6ರಿಂದ 7ರವರೆಗೆ ಇರಬೇಕು. ಇಲ್ಲಿ ಒಂದು ಎಚ್ಚರಿಕೆ. 2015ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ವಿವರಗಳು ಬರುತ್ತವೆ. ಅವೆಲ್ಲವೂ ಗಿಡದ ಆಹಾರಕ್ಕೆ ಸಂಬಂಧಪಟ್ಟುವು. ಸೀಸ, ಕ್ರೋಮಿಯಮ್‌ಗಳು ಅದರಲ್ಲಿಲ್ಲ. ಸಂಶಯವಿದ್ದವರು ಅವನ್ನು ಹೆಸರು ಹೇಳಿ ಬೇರೆಯಾಗಿ ಪರೀಕ್ಷೆ ಮಾಡಿಸಬೇಕು.

ಸಂಸ್ಕಾರಕ್ರಮ

ಮಣ್ಣನ್ನು ಹದಗೊಳಿಸುವ ಕಾರ್ಯಕ್ಕೆ ಆರು ತಿಂಗಳ ತಾಳ್ಮೆ ಬೇಕು. ನಾವು ಅನುಸರಿಸಿದ ಕ್ರಮವನ್ನು ಋತುವಿನ ಪ್ರಕಾರ ಬರೆಯುತ್ತೇವೆ. ಹತ್ತಡಿ ಉದ್ದ, ನಾಲ್ಕಡಿ ಅಗಲದ ಒಂದು ಮಡಿಯನ್ನು ಲೆಕ್ಕಕ್ಕೆ ಹಿಡಿದಿದ್ದೇವೆ. ಇದರಲ್ಲಿ ಹನ್ನೆರಡು ಗಿಡಗಳು ಸುಖವಾಗಿ ಬೆಳೆಯುತ್ತವೆ.

ಚೈತ್ರ ವೈಶಾಖಗಳಲ್ಲಿ ಅಗೆತ ಮತ್ತು ಬಿಸಿಲು. ಗುದ್ದಲಿಯಿಂದ ಒಂದಡಿ ಆಳ ಅಗೆದು, ಕಲ್ಲು, ಗಾರೆ, ಪ್ಲಾಸ್ಟಿಕ್ಕುಗಳನ್ನು ಕೈಯಿಂದ ಆರಿಸಿ ತೆಗೆಯಬೇಕು. ಬಳಿಕ ಮಡಿಯನ್ನು ಚೆನ್ನಾಗಿ ನೆನಸಿ, ತೆಳುವಾದ ಪಾರದರ್ಶಕ ಪಾಲಿಥಿನ್ ಹಾಳೆಯನ್ನು ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಡಬೇಕು. ಬೇಸಿಗೆಯ ಬಿಸಿಲು ಹಾಳೆಯೊಳಗೆ ಸಿಕ್ಕಿಕೊಂಡು ಕಳೆಯ ಬೀಜಗಳನ್ನೂ ರೋಗದ ಅಣುಗಳನ್ನೂ ಬಹುಮಟ್ಟಿಗೆ ಬೇಯಿಸಿಬಿಡುತ್ತದೆ. ಹಾಳೆ ಕಪ್ಪಾಗಿರಕೂಡದು.

ಆಷಾಢದಲ್ಲಿ ಹಸುರು ಗೊಬ್ಬರದ ಬಿತ್ತನೆ. ಈ ಮಾತು ಹೊಸತೆಂದು ಯಾರೂ ಭಾವಿಸಬಾರದು. ವರಾಹಮಿಹಿರಾಚಾರ್ಯರು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದ ಆದಿಯಲ್ಲಿಯೇ, ಮೃದುವಾದ ಭೂಮಿಯು ಎಲ್ಲ ಮರಗಿಡಗಳಿಗೂ ಹಿತವೆಂದೂ, ಅದರಲ್ಲಿ ಎಳ್ಳನ್ನು ಬಿತ್ತಿ ಹೂಬಿಟ್ಟಾಗ ಅಲ್ಲಿಯೇ ಮರ್ದಿಸಬೇಕೆಂದೂ, ಭೂಮಿಯಲ್ಲಿ ಮಾಡಬೇಕಾದ ಮೊದಲ ಕರ್ಮವು ಇದೇ ಎಂದೂ ವಿಧಿಸಿದ್ದಾರೆ. ಕನ್ನಡದಲ್ಲಿ ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದಕ್ಕೆ ಒಂದು ಪ್ರಕರಣವು ಮೀಸಲಾಗಿದೆ. ಆ ಆಚಾರ್ಯರು ಟೊಮೇಟೊವನ್ನು ಕಂಡವರಲ್ಲ. ಆದರೆ ಮಣ್ಣನ್ನು ಕಂಡಿದ್ದರು. ನಾವು ಈ ಪ್ರಕರಣವನ್ನು ಓದಿ ಅರ್ಥ ಹೇಳಿದ್ದೆವೇ ಹೊರತು ಗುದ್ದಲಿ ಹಿಡಿದು ಪರೀಕ್ಷಿಸಿರಲಿಲ್ಲ; ಅರುವತ್ತಕ್ಕೆ ಆ ಭಾಗ್ಯ ಬಂದಿತು. ಎಳ್ಳಿಗಿಂತ ಸೆಣಬು, ಹುರುಳಿ, ಅಲಸಂದೆಗಳು ಇನ್ನೂ ಮೇಲು. ಏಕೆಂದರೆ ದ್ವಿದಳಧಾನ್ಯದ ಗಿಡಗಳು ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಕೂಡಿಡುತ್ತವೆ. ಅಡಿಗೆಮನೆಯ ಡಬ್ಬದಿಂದ ಒಂದೆರಡು ಹಿಡಿ ಹುರುಳಿಕಾಳನ್ನು ಎರಚಿದರೂ ಸಾಕು. ಹೂ ಕಾಣಿಸಿಕೊಂಡಾಗ, ಅಂದರೆ ಸುಮಾರು ಆರು ಏಳು ವಾರಗಳಿಗೆ, ಕುಡುಗೋಲಿನಿಂದ ಕೊಚ್ಚಿ ಮಣ್ಣಿಗೆ ಮಗುಚಬೇಕು. ಕಾಯಿ ಕಟ್ಟುವವರೆಗೆ ಕಾದರೆ ದಂಟು ಬಲಿತು ಬೇಗ ಕೊಳೆಯುವುದಿಲ್ಲ.

ಆಶ್ವಯುಜದಲ್ಲಿ ಗೊಬ್ಬರ. ಹಸುರು ಕೊಳೆತು ಮಣ್ಣಿನ ವಾಸನೆಯು ಮಳೆ ಬಿದ್ದ ನೆಲದಂತೆ ಆದಾಗ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೋ ಮನೆಯ ಕಸದಿಂದಾದ ಗೊಬ್ಬರವನ್ನೋ ಬೆರೆಸಬೇಕು. ಹೊಲದ ಬೆಳೆಗೆ ಎಕರೆಗೆ ಹತ್ತು ಟನ್ನಿನಂತೆ ಹೇಳುವ ಲೆಕ್ಕದಲ್ಲಿ ನಮ್ಮ ಮಡಿಗೆ ಸುಮಾರು ಒಂಬತ್ತು ಕಿಲೋ ಬರುತ್ತದೆ. ಕಟ್ಟಡದ ಶೇಷದಂಥ ಬಡ ಮಣ್ಣಿಗೆ ಅದರ ಎರಡರಷ್ಟು ಕೊಡಬಹುದು. ಹಸಿಯ ಸಗಣಿ ಮಾತ್ರ ಕೂಡದು. ಅದು ಬೇರನ್ನು ಸುಡುತ್ತದೆ, ಗೊಣ್ಣೆಹುಳುವನ್ನು ಕರೆತರುತ್ತದೆ. ಇದರೊಡನೆ ಕಾಲು ಕಿಲೋ ಬೇವಿನ ಹಿಂಡಿ. ರಂಜಕಕ್ಕಾಗಿ ಎರಡು ಹಿಡಿ ಮೂಳೆಪುಡಿ ಹಾಕುವುದು ವಾಡಿಕೆ. ಅದನ್ನು ಒಲ್ಲದ ಮನೆಯವರು ರಾಕ್ ಫಾಸ್ಫೇಟ್ ಎಂಬ ಕಲ್ಲಿನ ಪುಡಿಯನ್ನು ಗೊಬ್ಬರದಲ್ಲಿ ಮೊದಲೇ ಬೆರೆಸಿ ಕಳಿಯಿಸಿ ಹಾಕಬಹುದು.

ಸುಣ್ಣ ಮತ್ತು ಬೂದಿಯ ವಿಷಯದಲ್ಲಿ ಬಹು ಜನ ತಪ್ಪುತ್ತಾರೆ. ‘ಕೆಮ್ಮಣ್ಣಿಗೆ ಸುಣ್ಣ’ ಎಂಬುದು ಹುಳಿ ಹೆಚ್ಚಿದ ಹೊಲಕ್ಕೆ ಹೇಳಿದ ಮಾತು. ರಸಸಾರವು 6ಕ್ಕಿಂತ ಕೆಳಗಿದ್ದರೆ ಮಾತ್ರ ಮಡಿಗೆ ಅರ್ಧದಿಂದ ಮುಕ್ಕಾಲು ಕಿಲೋ ಕೃಷಿಸುಣ್ಣವನ್ನು ಗೊಬ್ಬರಕ್ಕೆ ಎರಡು ಮೂರು ವಾರ ಮುಂಚೆ ಹಾಕಬಹುದು. ಗಾರೆ ಬೆರೆತು ಕ್ಷಾರವಾದ ಅಂಗಳಕ್ಕೆ ಮತ್ತೆ ಸುಣ್ಣವನ್ನೋ ಒಲೆಯ ಬೂದಿಯನ್ನೋ ಹಾಕುವುದು ಜ್ವರದವನಿಗೆ ಕಂಬಳಿ ಹೊದಿಸಿದಂತೆ. ಅಂಥಲ್ಲಿ ಗೊಬ್ಬರವೂ ಸೊಪ್ಪೂ ಪರೀಕ್ಷೆಯ ಚೀಟಿಯಲ್ಲಿ ಹೇಳಿದಷ್ಟು ಗಂಧಕವೂ ಔಷಧ.

ಮಣ್ಣಿನಲ್ಲಿ ಅಡಗಿದ ಶತ್ರು

ಬೆಳಗ್ಗೆ ಹಸುರಾಗಿ ನಿಂತಿದ್ದ ಗಿಡವು ಮಧ್ಯಾಹ್ನಕ್ಕೆ ಬಾಡಿ, ನೀರು ಹಾಕಿದರೂ ಏಳದೆ ಎರಡು ಮೂರು ದಿನಗಳಲ್ಲಿ ಸತ್ತುಹೋಗುವುದನ್ನು ನೀವು ಕಂಡಿರಬಹುದು. ಇದು ದುಂಡಾಣುವಿನಿಂದ ಬರುವ ಸೊರಗು ರೋಗ. ಸತ್ತ ಗಿಡದ ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟು ನೋಡಿರಿ. ಹಾಲಿನ ಎಳೆಯಂತೆ ಬೆಳ್ಳಗೆ ಸುರಿದರೆ ಸಂಶಯವೇ ಇಲ್ಲ. ಈ ದುಂಡಾಣುವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಆದುದರಿಂದ ಟೊಮೇಟೊ ಬೆಳೆದ ಮಡಿಯಲ್ಲಿ ಮುಂದಿನ ಎರಡು ಮೂರು ವರ್ಷ ಟೊಮೇಟೊವನ್ನಾಗಲಿ, ಅದರ ದಾಯಾದಿಗಳಾದ ಬದನೆ, ಮೆಣಸಿನಕಾಯಿ, ಆಲೂಗೆಡ್ಡೆಗಳನ್ನಾಗಲಿ ಹಾಕಬಾರದು. ಅವರೆ, ಹುರುಳಿಕಾಯಿ, ಜೋಳ, ಚೆಂಡುಹೂಗಳನ್ನು ಹಾಕಬೇಕು. ಚೆಂಡುಹೂವಿನ ಬೇರು, ಗಂಟು ಕಟ್ಟಿಸುವ ಜಂತುಹುಳುವನ್ನು ತಗ್ಗಿಸುತ್ತದೆ. ಹೂವು ಆಯುಧಪೂಜೆಗೂ ಒದಗುತ್ತದೆ. ರೋಗದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕದೆ ಹೊರಗೆ ಕಳುಹಿಸತಕ್ಕದ್ದು.

ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅರ್ಕಾ ರಕ್ಷಕ್ ಎಂಬ ಸಂಕರ ತಳಿಯನ್ನು ಕೊಟ್ಟಿದ್ದಾರೆ. ಇದು ದುಂಡಾಣು ಸೊರಗು, ಎಲೆಮುಟುರು ನಂಜು, ಎಲೆಚುಕ್ಕೆಯ ಅಂಗಮಾರಿ ಎಂಬ ಮೂರು ರೋಗಗಳನ್ನೂ ತಡೆದುಕೊಳ್ಳುತ್ತದೆ. ಸಂಕರ ತಳಿಯಾದ್ದರಿಂದ ಇದರ ಹಣ್ಣಿನ ಬೀಜವನ್ನು ಮರುವರ್ಷಕ್ಕೆ ಎತ್ತಿಡುವುದರಲ್ಲಿ ಪ್ರಯೋಜನವಿಲ್ಲ.

ಕಾರ್ತಿಕದ ಸಸಿ, ನೀರಿನ ನಿಯಮ

ಹಿಂಗಾರಿನ ಜಡಿಮಳೆಯು ನಿಂತ ಮೇಲೆ, ಕಾರ್ತಿಕದಲ್ಲಿ, ಒಟ್ಟಲಿನಿಂದ ನಾಲ್ಕು ವಾರದ ಸಸಿಗಳನ್ನು ಸಂಜೆಯ ಹೊತ್ತು ಎರಡಡಿ ಸಾಲಿನಲ್ಲಿ ಒಂದೂವರೆ ಅಡಿಗೊಂದರಂತೆ ನೆಡಬೇಕು. ಕಾಂಡವನ್ನು ಮೊದಲ ಎಲೆಯವರೆಗೆ ಹೂತರೆ ಅದರಿಂದಲೂ ಬೇರೊಡೆಯುತ್ತದೆ. ಬುಡಕ್ಕೆ ಎರಡಂಗುಲ ತರಗು ಅಥವಾ ಒಣಹುಲ್ಲನ್ನು ಹೊದಿಸಬೇಕು.

2024ರ ಮಾರ್ಚಿಯಲ್ಲಿ ಈ ಭಾಗದವರು ಟ್ಯಾಂಕರಿನ ನೀರಿಗೆ ಕಾದುದು, ಕುಡಿಯುವ ನೀರನ್ನು ಗಿಡಗಳಿಗೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿಯು ಸಾರಿದುದು, ನೆನಪಿನಲ್ಲಿರುವ ಸಂಗತಿ. ಗೊಬ್ಬರ ಬೆರೆತು, ಹೊದಿಕೆಯಿರುವ ಮಣ್ಣು ನೀರನ್ನು ಹಿಡಿದಿಡುತ್ತದೆ. ಹೀಗೆ ಮಣ್ಣನ್ನು ಸಾಕುವುದೇ ನೀರಿನ ಉಳಿತಾಯ. ಅಕ್ಕಿ ತರಕಾರಿ ತೊಳೆದ ನೀರು ಒಳ್ಳೆಯದು. ಆರ್.ಓ. ಯಂತ್ರವು ಹೊರಕ್ಕೆ ಬಿಡುವ ನೀರಿನಲ್ಲಿ ಲವಣವು ಹೆಚ್ಚು. ಗಡಸು ನೀರನ್ನು ಮೆದು ಮಾಡುವ ಯಂತ್ರದ ನೀರಿನಲ್ಲಿ ಸೋಡಿಯಮ್ ಹೆಚ್ಚಾಗಿ ಅದು ಮಣ್ಣಿನ ಹರಳನ್ನು ಕೆಡಿಸಿ ಗಟ್ಟಿ ಮಾಡುತ್ತದೆ. ಎರಡನ್ನೂ ಮಡಿಗೆ ಬಿಡಬಾರದು. ಒಂದು ದಿನ ಒಣಗಿಸಿ ಇನ್ನೊಂದು ದಿನ ತೊಯ್ಯಿಸಿದರೆ ಕಾಯಿಯ ತುದಿ ಕಪ್ಪಾಗಿ ಕೊಳೆಯುತ್ತದೆ. ಸುಣ್ಣದ ಅಂಶವು ಕಾಯಿಗೆ ಸಮನಾಗಿ ತಲಪದಿರುವುದೇ ಅದಕ್ಕೆ ಕಾರಣ. ಸ್ವಲ್ಪವಾದರೂ ನಿಯಮವಾಗಿ ಕೊಡುವ ನೀರೇ ಅದಕ್ಕೆ ಮದ್ದು.

ಬಹುಮಹಡಿಯ ಮನೆಯಲ್ಲಿದ್ದು ನೆಲವಿಲ್ಲದವರು ನಿರಾಶರಾಗಬೇಕಿಲ್ಲ. ಒಂದಡಿ ಆಳ, ಒಂದಡಿ ಅಗಲಕ್ಕೆ ಕಡಮೆಯಿಲ್ಲದ ಕುಂಡದಲ್ಲಿ ಮೂಲ ತಿಳಿದ ಕೆಮ್ಮಣ್ಣು ಒಂದು ಪಾಲು, ಕಳಿತ ಗೊಬ್ಬರ ಒಂದು ಪಾಲು, ಚೆನ್ನಾಗಿ ತೊಳೆದು ಉಪ್ಪು ಹೋಗಿಸಿದ ತೆಂಗಿನ ನಾರಿನ ಪುಡಿ ಒಂದು ಪಾಲು ಬೆರೆಸಿ ತುಂಬಿ, ಆರು ಗಂಟೆ ಬಿಸಿಲು ಬೀಳುವ ಕಡೆ ಒಂದೇ ಗಿಡವನ್ನು ಹಾಕಲಿ.

ಉಪಸಂಹಾರ

ಮೂರನೆಯ ವರ್ಷ ಮಾಘದಲ್ಲಿ ನಮ್ಮ ಮಡಿಯಿಂದ ಹಣ್ಣು ಬಂದಿತು. ಕೆರೆಗೋಡಿನಲ್ಲಿ ಬೆಳೆದಷ್ಟು ದಪ್ಪವಾಗಿರಲಿಲ್ಲ, ಅಷ್ಟು ಹೆಚ್ಚಾಗಿಯೂ ಇರಲಿಲ್ಲ. ಸೊಸೆಯು ಈ ಸಲ ಪ್ರಶ್ನೆ ಕೇಳಲಿಲ್ಲ. ಮಣ್ಣು ಪರೀಕ್ಷೆಯ ಕಾಗದವನ್ನು ಓದಿದವಳು ಅವಳೇ. ಹುರುಳಿ ಎರಚಿದವಳೂ ಅವಳೇ. ಹಣ್ಣೊಂದನ್ನು ತೊಳೆದು, ಹೆಚ್ಚಿ, ಒಂದು ಹರಳು ಉಪ್ಪು ಸವರಿ ಮಗುವಿನ ಕೈಗೆ ಕೊಟ್ಟಳು. ಗೌಡರು ಮಡಿಯಲ್ಲಿ ಕೈಯಾಡಿಸಿ, ಎರೆಹುಳುವೊಂದನ್ನು ಎತ್ತಿ ತೋರಿಸಿ, “ಈಗ ಮಣ್ಣಾಯ್ತು ಮೇಷ್ಟ್ರೇ” ಎಂದರು. ಆ ಮಾತು ನಮಗೆ ಯಾವ ಸನ್ಮಾನಪತ್ರಕ್ಕಿಂತಲೂ ಹೆಚ್ಚೆನಿಸಿತು.

ಅಂಗಡಿಯಲ್ಲಿ ಸಸಿಯು ದೊರೆಯುತ್ತದೆ, ಬೀಜವು ದೊರೆಯುತ್ತದೆ. ಮಣ್ಣನ್ನು ಮಾತ್ರ ಮನೆಯವರೇ ಮಾಡಿಕೊಳ್ಳಬೇಕು. ಅದು ಎಲ್ಲಿಂದ ಬಂದುದೆಂದು ತಿಳಿದು, ಅದಕ್ಕೆ ಬೇಕಾದುದನ್ನು ಕೊಟ್ಟು, ಆರು ತಿಂಗಳು ಕಾದವನಿಗೆ ಅದು ನಾಲ್ಕು ಬುಟ್ಟಿ ಹಣ್ಣನ್ನೂ, ಆ ಹಣ್ಣನ್ನು ನಿಶ್ಚಿಂತೆಯಿಂದ ಮಗುವಿನ ಕೈಗಿಡುವ ಭಾಗ್ಯವನ್ನೂ ಕೊಡುತ್ತದೆ. ಬರುವ ಚೈತ್ರದಲ್ಲಿ ವಾಚಕರು ಸಸಿಯ ಅಂಗಡಿಗೆ ಹೋಗುವ ಮೊದಲು ಗುದ್ದಲಿಯನ್ನು ಕೈಗೆತ್ತಿಕೊಳ್ಳಲೆಂದು ಪ್ರಾರ್ಥಿಸುತ್ತೇವೆ.